ಬ್ಲೌಸ್ ಪೀಸ್ ಸುತ್ತಿದ ಕ್ರಿಸ್ಮಸ್ ಕ್ರ್ಯಾಕರ್

ನಾನು "ಅದೇನ್ ಮಹಾ, ನಾನೇ ಮಾಡ್ತೀನಿ ಬಿಡಿ" ಅಂದೆ ಅಂದ್ರೆ ನಮ್ಮನೇಲಿ ಏನಾದರೊಂದು ಪ್ರಸಂಗ ಆಗಲೇಬೇಕು. ಆ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮೆಜಮಾನರು ಶೂ ಹಾಕಿಕೊಂಡು ವಾಕಿಂಗ್ ಹೊರಟುಬಿಡ್ತಾರೆ. ಹೋಗಲಿ ಬಿಡಿ. ಕೊನೆಗೆ ಗೆಲ್ಲೋದು ನಾನೇ.

ಮಾತು ಕೊಟ್ಟೆ

ಸ್ಯಾನ್ ಡಿಯಾಗೋದಲ್ಲಿ ನಮ್ಮ ಪಕ್ಕದ ಮನೆ ಆಂಟಿ ಇಂಗ್ಲೆಂಡಿನವರು. ಹೋದ ಡಿಸೆಂಬರಿನಲ್ಲಿ ಒಂದು ದಿನ ಬೇಲಿಯಾಚೆ ಮುಖ ಸಪ್ಪಗೆ ಮಾಡ್ಕೊಂಡು ನಿಂತಿದ್ದರು. ಅವರ ಅಕ್ಕ ಊರಿನಿಂದ ಮೊದಲ ಸಲ ಕ್ರಿಸ್ಮಸ್ ಊಟಕ್ಕೆ ಬರ್ತಿದ್ದಾರಂತೆ. ಮೇಜಿನ ಮೇಲೆ ಕ್ರ್ಯಾಕರ್ ಇಲ್ಲದಿದ್ದರೆ ಅಕ್ಕ ಆಡಿಕೊಳ್ತಾಳೆ, ಅಂಗಡಿಯಲ್ಲಿ ಬೆಲೆ ಕೇಳಿದರೆ ತಲೆ ತಿರುಗುತ್ತೆ ಅಂದರು.

ಈ ಕ್ರ್ಯಾಕರ್ ನಮ್ಮ ದೀಪಾವಳಿ ಪಟಾಕಿ ಅಲ್ಲ. ದೊಡ್ಡ ಪೆಪ್ಪರ್‌ಮಿಂಟಿನ ಹಾಗೆ ಎರಡೂ ತುದಿ ಹಿಂಡಿ ಕಟ್ಟಿದ ರಟ್ಟಿನ ಕೊಳವೆ. ಇಬ್ಬರು ಒಂದೊಂದು ತುದಿ ಹಿಡಿದು ಎಳೆದರೆ 'ಚಟ್' ಅಂತ ಹರಿದು, ಒಳಗಿನಿಂದ ಕಾಗದದ ಕಿರೀಟ, ಪುಟ್ಟ ಉಡುಗೊರೆ ಬೀಳುತ್ತೆ. ದೊಡ್ಡ ತುಂಡು ಯಾರ ಕೈಲಿ ಉಳಿಯುತ್ತೋ ಅವರು ಗೆದ್ದ ಹಾಗೆ.

"ಅದೇನ್ ಮಹಾ ಆಂಟಿ, ನಾನೇ ಮಾಡ್ತೀನಿ ಬಿಡಿ," ಅಂದೆ. ಅವರ ಮುಖ ಅರಳಿತು. ನನ್ನ ಹಿಂದೆ ಯಜಮಾನರು ಶೂ ಹುಡುಕೋ ಸದ್ದು ಕೇಳಿಸಿತು.

ಕೊಳವೆಗೆ ಬರ

"ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯೋ ರಟ್ಟೇ ಸಾಕು, ಖರ್ಚೇ ಇಲ್ಲ," ಅಂತ ಕ್ರ್ಯಾಕರ್ ಮಾಡೋದು ಹೇಗೆ ಅಂತ ಹುಡುಕಿ ನೋಡಿದ ವೀಡಿಯೊದಲ್ಲಿ ಹೇಳಿದರು. ಅವರಿಗೇನು ಗೊತ್ತು ನಮ್ಮನೇಲಿ ನಡೆಯೋದು ನೀರಿನ ಮಗ್ಗು ಅಂತ! ಲಾಕ್‌ಡೌನ್ ಬಂದಾಗ ಎಲ್ಲರೂ ಕಿತ್ತಾಡಿಕೊಂಡು ತಗೊಳ್ತಿದ್ದಾರೆ ಅಂತ ನಾವೂ ಗಾಬರಿಯಲ್ಲಿ ತಂದಿಟ್ಟ ಪೇಪರು ಇವತ್ತಿಗೂ ಗ್ಯಾರೇಜಿನಲ್ಲಿದೆ. ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಪೋರ್ಟರ್ ರ್ಯಾಂಚ್ ಊರಿನಿಂದ ಡೈಮಂಡ್ ಬಾರ್ ಊರಿನವರೆಗೆ ಒಂದೇ ಉತ್ತರ: "ನಮ್ಮನೇಲೂ ಮಗ್ಗೇ ಕಣ್ರೀ!"

ಯಜಮಾನರಿಗೆ "ನಿಮ್ಮ ಆಫೀಸಿನಿಂದಾದ್ರೂ ತನ್ನಿ" ಅಂದೆ.

"ಸೊರೆಂಟೊ ವ್ಯಾಲಿಯಲ್ಲಿ ಚಿಪ್ ಡಿಸೈನ್ ಮಾಡೋನು ಕಣೇ ನಾನು. ಬಾತ್‌ರೂಮಿನಲ್ಲಿ ರಟ್ಟು ಆರಿಸ್ತಾ ನಿಂತರೆ ಏನಂದ್ಕೋತಾರೆ?"

ಆಗ ಹೊಳೆದದ್ದು ಅಡುಗೆಮನೆಯ ಪೇಪರ್ ಟವೆಲ್. ಅದರ ಕೊಳವೆ ಉದ್ದ, ಕತ್ತರಿಸಿಕೊಳ್ಳಬಹುದು. ಆದರೆ ಮೊದಲು ಪೇಪರ್ ಖಾಲಿಯಾಗಬೇಕಲ್ಲ? ಎಣ್ಣೆ ಹೀರೋಕೆ ಪೇಪರ್ ಬೇಕಾಗುತ್ತೆ ಅಂತ ದಿನಾ ಕರಿದೆ. ಬಜ್ಜಿ, ಬೋಂಡ, ವಡೆ, ಪೂರಿ. ಕೊನೆಯ ರೋಲು ಮುಗಿದ ದಿನ ಯಜಮಾನರು ಕೊನೆಯ ಬೋಂಡ ಬಾಯಿಗೆ ಹಾಕಿಕೊಂಡು ಕೇಳಿದರು:

"ಅಲ್ವೇ, ಪೇಪರ್ ಸುಮ್ನೆ ಬಿಚ್ಚಿ ಪಕ್ಕಕ್ಕಿಟ್ಟಿದ್ರೆ ಆಗ್ತಿರಲಿಲ್ವಾ?"

ಪೇಪರು ಅವರಿಗೆ, ರೇಷ್ಮೆ ನಮಗೆ

ಮೇಲೆ ಸುತ್ತೋ ಬಣ್ಣದ ಕಾಗದಕ್ಕೂ ದುಡ್ಡು ಯಾಕೆ ಹಾಕಬೇಕು? ಬೀರು ತುಂಬ ಬ್ಲೌಸ್ ಪೀಸುಗಳಿವೆ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟಿದ್ದು. ಒಬ್ಬರೂ ಹೊಲಿಸಲ್ಲ, ಮುಂದಿನ ಮನೆಗೆ ದಾಟಿಸ್ತಾರೆ. ಅದರಲ್ಲೊಂದು ಗಿಳಿಹಸಿರು, ಮೂಲೆಯಲ್ಲಿ ಅರಿಶಿನದ ಕಲೆ. ಡೈಮಂಡ್ ಬಾರ್ ಗೆಳತಿಗೆ ನಾನೇ ಕೊಟ್ಟಿದ್ದು. ಅವಳ ಮನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಹೋದಾಗ ವಾಪಸ್ ನನಗೇ ಬಂದಿತ್ತು!

ಕತ್ತರಿ ಹಾಕೋಕೆ ಮನಸ್ಸು ಬರಲಿಲ್ಲ. ಒಂದೊಂದು ಕೊಳವೆಗೂ ಇಡೀ ಪೀಸನ್ನೇ ಸುತ್ತಿ ಸುತ್ತಿ, ತುದಿಗಳಿಗೆ ಗಟ್ಟಿಯಾಗಿ ದಾರ ಬಿಗಿದೆ. ಒಳಗೆ ಕಿರೀಟ, ಕೊಬ್ಬರಿ ಮಿಠಾಯಿ. 'ಚಟ್' ಅನ್ನೋ ಮದ್ದಿನ ಪಟ್ಟಿ ಮಾತ್ರ ಕೊಂಡುತಂದದ್ದು.

ಮಗಳು ಒಂದು ಸಲ ನೋಡಿ, "ಅಮ್ಮಾ, ಎವ್ರಿವನ್ ಯೂಸಸ್ ಪೇಪರ್," ಅಂದಳು.

"ಪೇಪರು ಅವರಿಗೆ, ರೇಷ್ಮೆ ನಮಗೆ!" ಅಂದೆ. ರೇಷ್ಮೆಯೋ ಪಾಲಿಯೆಸ್ಟರೋ, ಆ ಲಕ್ಷ್ಮಿಗೇ ಗೊತ್ತು.

ಎಳೆದಾಟ

ಆಂಟಿ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಅವರ ಕ್ರಿಸ್ಮಸ್ ಮೇಜು ಮದುವೆಮನೆಯ ಹಾಗೆ ಝಗಝಗ ಅಂತಿತ್ತು. ಆಂಟಿಯ ಅಕ್ಕ ಕಣ್ಣರಳಿಸಿ, ಇಂಥ ಕ್ರ್ಯಾಕರ್ ಇಂಗ್ಲೆಂಡಿನಲ್ಲೇ ನೋಡಿಲ್ಲ ಅಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಕ್ಕ ತಂಗಿ ಗಿಳಿಹಸಿರು ಕ್ರ್ಯಾಕರಿನ ಒಂದೊಂದು ತುದಿ ಹಿಡಿದು ಎಳೆದರು. 'ಚಟ್' ಅಂತು. ಕ್ರ್ಯಾಕರ್ ಹಾಗೇ ಇತ್ತು. ಮತ್ತೆ ಎಳೆದರು. ಊಹೂಂ. ಕಾಗದ ಹರಿಯುತ್ತೆ, ಬ್ಲೌಸ್ ಪೀಸ್ ಹರಿಯುತ್ತಾ? ಅದು ಆಗ ನನ್ನ ಮಂಡೆಗೆ ಹೊಳೀತು. ಅಯ್ಯೋ, ನಂಬಿದ ಆಂಟಿಯ ಮಾನ ಅವರ ಅಕ್ಕನ ಮುಂದೆಯೇ ಕಳೆದೆನಲ್ಲ!

ಅಷ್ಟರಲ್ಲಿ ಅಕ್ಕ ಎದ್ದು ನಿಂತರು. ಆಂಟಿ ಮೇಜಿನ ಕಾಲಿಗೆ ಪಾದ ಒತ್ತಿ ನಿಂತರು. ನೆಂಟರು ಎರಡು ಪಕ್ಷವಾಗಿ ಸೊಂಟ ಹಿಡಿದುಕೊಂಡರು, ನಮ್ಮೆಜಮಾನರೂ ಸೇರಿಕೊಂಡರು. ದಾರ ಕಳಚಿತು ನೋಡಿ, ಅಕ್ಕನ ಕಡೆಯವರೆಲ್ಲ ಸೋಫಾ ಮೇಲೆ ದಬದಬ ಬಿದ್ದರು. ಮಿಠಾಯಿ ಹಾರಿ ಸೂಪಿನ ಬಟ್ಟಲಿಗೆ ಬಿತ್ತು.

ಅಕ್ಕ ಕಣ್ಣೀರು ಬರೋಷ್ಟು ನಕ್ಕು, ಹಸಿರು ಪೀಸನ್ನು ಬಾವುಟದ ಹಾಗೆ ಎತ್ತಿ ಹಿಡಿದರು. "ಇಷ್ಟು ವರ್ಷ ಕ್ರ್ಯಾಕರ್ ಎಳೆದಿದ್ದೀನಿ, ಗೆದ್ದೆ ಅನ್ನಿಸಿದ್ದು ಇವತ್ತೇ! ಮುಂದಿನ ವರ್ಷವೂ ಇವರೇ ಮಾಡಲಿ," ಅಂದರು. ಆಂಟಿ ನನ್ನನ್ನು ತಬ್ಬಿಕೊಂಡರು. ಹೆಮ್ಮೆ ಅಂದ್ರೆ ಹೆಮ್ಮೆ ನನಗೆ!

ಸಂಕ್ರಾಂತಿಗೆ ಆಂಟಿಯನ್ನು ಎಳ್ಳುಬೆಲ್ಲಕ್ಕೆ ಕರೆದೆ. ಕೇಕ್ ತಂದಿದ್ದರು, ಅದೇ ಗಿಳಿಹಸಿರು ಪೀಸಿನಲ್ಲಿ ಕಟ್ಟಿ. "ಎಸೆಯೋಕೆ ಮನಸ್ಸು ಬರಲಿಲ್ಲ, ನನಗೆ ಉಪಯೋಗವೂ ಇಲ್ಲ. ನಿಮಗೇ ವಾಪಸ್ ಕೊಟ್ಟರೆ ತಪ್ಪಾಗುತ್ತಾ?" ಅಂತ ಸಂಕೋಚದಿಂದ ಕೇಳಿದರು.

"ತಪ್ಪೇ? ಆಂಟಿ, ನಮ್ಮ ಸಂಪ್ರದಾಯ ಇಷ್ಟು ಬೇಗ ಕಲಿತವರನ್ನ ನಾನು ನೋಡೇ ಇಲ್ಲ!" ಅಂದೆ.

ಡೈಮಂಡ್ ಬಾರ್ ಗೆಳತಿಯೂ ಬಂದಿದ್ದಳು, ಕ್ರ್ಯಾಕರ್ ಕಥೆಯೆಲ್ಲ ಕೇಳಿ ನಕ್ಕಿದ್ದಳು. ಹೊರಡುವಾಗ ಅವಳ ತಾಂಬೂಲದ ಜೊತೆ ಅದನ್ನೇ ಮಡಿಸಿ ಇಟ್ಟುಕೊಟ್ಟೆ. ಅವಳು ಬಿಡಿಸಿ, ಮೂಲೆಯ ಕಲೆ ನೋಡಿ, ತವರಿಗೆ ಬಂದ ಮಗಳ ತಲೆ ಸವರೋ ಹಾಗೆ ಸವರಿದಳು:

"ಬಾರಮ್ಮಾ ತಾಯಿ, ಕ್ರಿಸ್ಮಸ್ ಮುಗಿಸ್ಕೊಂಡು ಬಂದ್ಯಾ?"