ನೀರು ಗಂಡೋ, ಹೆಣ್ಣೋ?

ನನ್ನ ಸೋದರಮಾವನಿಗೆ ಕನ್ನಡದಲ್ಲಿ ಜಗಳವಾಡಲು ಬರುವುದಿಲ್ಲ! ಹುಟ್ಟೂರು ಕಮಲಾಪುರ, ಮನೆಮಾತು ಕನ್ನಡ, ಹಣೆಯ ತುಂಬ ವಿಭೂತಿ. ಆದರೂ ಸಿಟ್ಟೇರಿದೊಡನೆ ಬಾಯಿಂದ ಹೊರಡುವುದು ಉರ್ದು. ಅದೆಂಥ ಉರ್ದು! ಕೇಳಿದರೆ ಉರ್ದುವಿಗೇ ಸಿಟ್ಟು ಬರಬೇಕು.

ಪಕ್ಕದ ತೋಟದ ಚಾಚಾ ಮನೆಯಲ್ಲಿ ಆಡುವುದು ದಖನಿ ಉರ್ದು, ಬೈಯುವುದು ಮಾತ್ರ ಕನ್ನಡದಲ್ಲಿ. ಇಬ್ಬರ ಕೆಂಬಾಳೆ ತೋಟಕ್ಕೂ ಒಂದೇ ಬಾವಿ, ಜಗಳಕ್ಕೆ ಬರವೆಲ್ಲಿಯದು?

“ಸಾಹೇಬ, ಮೇರೀ ಪಾನೀ ಕಾಂ ಗಯೀ?” ಎಂದು, ತಮ್ಮ ಪಾಲಿನ ನೀರು ಎಲ್ಲಿ ಹೋಯಿತೆಂದು, ಮಾವ ಬದುವಿನಿಂದ ಗುಡುಗುವರು.

“ಗಯೀ ಅಲ್ಲೋ, ಗಯಾ! ಪಾನೀ ಗಂಡಸು! ತಡಕೋ, ನೀರು ಈಗ ಬರ್ತಾನ,” ಎಂದು ಚಾಚಾ ತಮ್ಮ ಕನ್ನಡದಲ್ಲಿ ತಿರುಗೇಟು ಕೊಡುವರು.

“ಬರ್ತಾನ? ಅಂವಾ ಏನ್ ನಿನ್ನ ಅಳಿಯ ಏನು? ಬರ್ತಾವ ಅನ್ನು!”

ನೀರು ಕದ್ದವರಾರೆಂಬುದು ಮರೆತುಹೋಗಿ, ನೀರು ಗಂಡೋ ಹೆಣ್ಣೋ ಎಂಬುದಷ್ಟೇ ಉಳಿಯುತ್ತಿತ್ತು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಇಂಥ ಅಶಾಸ್ತ್ರೀಯ ವಾದ ಸಹಿಸಲಾಗಲಿಲ್ಲ. “ಮಾವ, ನಮ್ಮ ಭಾಷಾದಾಗ ಬೈಬಾರದೇನ್ರೀ?” ಎಂದೆ.

“ಹುಚ್ಚಪ್ಯಾ, ನಮ್ಮ ಮಾತಿನ್ಯಾಗ ನಾ ಭಾಳ ಛಂದ ಬೈತೀನೋ! ಅವ ಮರೆಯಂಗಿಲ್ಲ.”

ಒಂದು ಬೇಸಿಗೆ ಬಾವಿ ತಳ ಕಂಡಿತು. ಎರಡೂ ಕಡೆಯ ಹುಡುಗರು “ನಮ್ಮವರ ನೀರು”, “ಅವರ ನೀರು” ಎನ್ನತೊಡಗಿದರು. ಅಂದಿನವರೆಗೆ ಲಿಂಗವಷ್ಟೇ ಇದ್ದ ನೀರಿಗೆ ಧರ್ಮವೂ ಬಂತು! ನಾನು ಕಲಬುರಗಿಯಿಂದ ಧಾವಿಸಿ, ಸೌಹಾರ್ದ ಸಭೆ ಕೂಡಿಸಿ, ‘ಸಂಸ್ಕೃತಿ, ಅಸ್ಮಿತೆ ಮತ್ತು ಸಹಕಾರ’ ಕುರಿತು ಭಾಷಣ ಮಾಡಿದೆ. ಜನ ಎರಡು ಗುಂಪಾಗಿ ಕುಳಿತು ಆಲಿಸಿ, ಬೇರೆ ಬೇರೆಯಾಗಿಯೇ ಚಪ್ಪಾಳೆ ತಟ್ಟಿದರು.

ಆಮೇಲೆ ಮಾವ ಎದ್ದರು. “ಬೈರಿ, ಬ್ಯಾಡನ್ನಂಗಿಲ್ಲ. ಆದ್ರ ಎದುರಿನವ್ರ ಮಾತಿನ್ಯಾಗ ಬೈರಿ.”

ನಮ್ಮ ಕಡೆಯ ಉಗ್ರನೊಬ್ಬ ತೋಳೇರಿಸಿದ: “ತುಮ್ಹಾರೀ ಬಾಪ್...”

“ತುಮ್ಹಾರಾ!” ಎಂದು ಆ ಕಡೆಯವರು ಒಕ್ಕೊರಲಿನಿಂದ ತಿದ್ದಿದರು. ಸಭೆಯೇ ನಕ್ಕಿತು. ನೀರಿನ ಪಾಳಿ ಸಂಜೆಯೊಳಗೆ ನಿಗದಿಯಾಯಿತು. ನನ್ನ ಭಾಷಣವನ್ನು ಈವರೆಗೆ ಯಾರೂ ನೆನೆದಿಲ್ಲ.

ಈ ವರ್ಷ ಚಾಚಾಗೆ ಲಕ್ವಾ ಹೊಡೆಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದರು. ಮಾತಾಡಿಸುತ್ತಲೇ ಇರಿ ಎಂದಿದ್ದರು ಡಾಕ್ಟರು. ಮಗಳು ಕರೆದು ಕರೆದು ಸೋತಿದ್ದಳು.

ಮಾವ ಕೆಂಬಾಳೆಯ ಚಿಪ್ಪು ಹಿಡಿದು ಬಂದವರೇ ಮಂಚದ ಬಳಿ ಗುಡುಗಿದರು: “ಸಾಹೇಬ! ಬಾವೀ ಮೆಂ ಪಾನೀ ಆಯೀ!”

ಮಾವ ಇನ್ನಷ್ಟು ಬಗ್ಗಿ ದನಿಯೇರಿಸಿದರು:

“ಬಹುತ್ ಪಾನೀ ಆಯೀ!”

ಚಾಚಾನ ಸೊಟ್ಟ ತುಟಿ ಅಲುಗಿತು. ಹುಬ್ಬು ಗಂಟಿಕ್ಕಿತು.

“ಆ... ಯಾ.”

ಮಾವ ಸರ್ರನೆ ಹೊರಬಂದು ಗೋಡೆಗೆ ಮುಖ ಮಾಡಿ ನಿಂತರು. ಮಗಳು ಗಾಬರಿಯಿಂದ ಹಿಂದೆಯೇ ಓಡಿಬಂದಳು. “ಕ್ಯಾ ಹುವಾ, ಮಾಮೂ?”

ಮಾವ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡು, ಒಂದಕ್ಷರವೂ ತಪ್ಪದೆ ಹೇಳಿದರು:

“ಕುಛ್ ನೈ, ಬೇಟಾ. ಆಂಖ್ ಮೆಂ ಪಾನೀ ಆಯಾ.”