ಹದಿನೆಂಟು ಡಿಗ್ರಿಯ ಬಸ್ಸು

ಒಂಬತ್ತನೇ ನಂಬರಿನ ಬಸ್ಸು ಗುಡ್ಡ ಹತ್ತುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ, ಆದರೆ ಲಿಖಿತವಾಗಿ ದೃಢಪಟ್ಟಿರದ ಸಂಗತಿಯಾಗಿತ್ತು. ಒಂದು ಸೋಮವಾರ ಅದೂ ದೃಢಪಟ್ಟಿತು. ಇಪ್ಪತ್ತು ನಿಮಿಷದೊಳಗೆ ಗುಡ್ಡದ ತುದಿ ತಲುಪದಿದ್ದಲ್ಲಿ ತಿಂಗಳ ಕೊನೆಗೆ ಸದರಿ ಮಾರ್ಗವನ್ನು ರದ್ದುಪಡಿಸತಕ್ಕದ್ದು ಎಂಬ ಸುತ್ತೋಲೆ ಡಿಪೋದ ಗೋಡೆಗೆ ಅಂಟಿತು. ಬಸ್ಸು ಆಗ ತೆಗೆದುಕೊಳ್ಳುತ್ತಿದ್ದದ್ದು ನಲವತ್ತೊಂದು ನಿಮಿಷ.

ಡಿಪೋದ ಮೇಸ್ತ್ರಿ ಸುತ್ತೋಲೆಯನ್ನು ಎರಡೆರಡು ಸಲ ಓದಿದ. ಅವನ ಅಕ್ಕ ಇರುವುದು ಗುಡ್ಡದ ತುದಿಯಲ್ಲಿ. ಅವಳ ಎರಡೂ ಮಂಡಿ ಸವೆದಿದ್ದವು. ನಾಲಿಗೆ ಮಾತ್ರ ಇನ್ನೂ ಹೊಸದರಂತೆ ಓಡುತ್ತಿತ್ತು.

"ಮೂವತ್ತು ವರ್ಷದಿಂದ ಊರ ಬಸ್ಸೆಲ್ಲ ರಿಪೇರಿ ಮಾಡ್ತೀಯ, ಅಕ್ಕನ ಮನೆಗೆ ಬರೋದೊಂದು ಕುಂಟ್ತಾ ಇರುತ್ತೆ. ಅದೂ ನಿಂತುಹೋದ್ರೆ ನಾನು ಮೇಲಿಂದ, ನೀನು ಕೆಳಗಿಂದ ಕೈ ಬೀಸ್ಕೊಂಡು ಇರೋಣ, ಆಯ್ತಾ?"

ಮೇಸ್ತ್ರಿ ಎರಡು ದಿನ ಇಂಜಿನ್ನಿನೊಳಗೆ ತಲೆ ಹಾಕಿ ಕೂತ. ಮೂರನೇ ದಿನ ಕಳ್ಳ ಸಿಕ್ಕಿಬಿದ್ದ: ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವ, ಹೆಬ್ಬೆರಳಿನಷ್ಟು ದಪ್ಪದ ಸೆನ್ಸರು. ಅದನ್ನು ಬಿಚ್ಚಿ, ಒಂದು ಗೇಣು ಆಚೆ, ಹೊರಗಿನ ಗಾಳಿ ಬರುವ ಕೊಳವೆಗೆ ಕೂರಿಸಿದ. ಬಸ್ಸು ಹದಿನಾಲ್ಕೇ ನಿಮಿಷದಲ್ಲಿ ತುದಿ ಮುಟ್ಟಿತು. ಡ್ರೈವರು ಕೆಳಗಿಳಿದು, "ಮೇಸ್ತ್ರಿ, ಇದಕ್ಕೆ ಏನು ಕುಡಿಸಿದ್ರಿ?" ಎಂದು ಟ್ಯಾಂಕಿನ ಮೂತಿ ಮೂಸಿದ.

ಸಾರಿಗೆ ಸಂಸ್ಥೆಯ ನಿರ್ದೇಶಕರು ಮೇಸ್ತ್ರಿಯನ್ನು ಕರೆಸಿದರು.

"ಏನು ಮಾಡಿದಿರಿ?"

"ಸೆನ್ಸರನ್ನ ಸರಿಸಿದೆ ಸಾರ್. ಕಾದ ಕಬ್ಬಿಣದ ಮೇಲೆ ಕೂತ್ಕೊಂಡು, ಗಾಳೀನೇ ಕಾದಿದೆ ಅಂತ ಚಾಡಿ ಹೇಳ್ತಿತ್ತು. ಇಂಜಿನ್ನಿನ ಕಂಪ್ಯೂಟರು ಅದನ್ನ ನಂಬಿ ಹೆದರಿ, ಶಕ್ತಿ ಕಡಿಮೆ ಮಾಡ್ತಿತ್ತು. ಈಗ ತಂಪಿನ ಕಡೆ ಇದೆ, ಇದ್ದದ್ದು ಇದ್ದಂಗೆ ಹೇಳುತ್ತೆ."

"ಎಷ್ಟು ಸರಿಸಿದಿರಿ?"

"ಒಂದು ಗೇಣು."

ನಿರ್ದೇಶಕರು ಗುಮಾಸ್ತನ ಕಡೆ ತಿರುಗಿದರು. "ಒಂದು ಗೇಣಿಗೆ ಇಪ್ಪತ್ತೇಳು ನಿಮಿಷ ಉಳಿದರೆ ಎರಡು ಗೇಣಿಗೆ?"

"ಹೊರಡೋ ಹದಿಮೂರು ನಿಮಿಷ ಮೊದಲೇ ತಲುಪುತ್ತೆ ಸಾರ್," ಎಂದ ಗುಮಾಸ್ತ. ಅವನು ಲೆಕ್ಕದಲ್ಲಿ ಎಂದೂ ತಪ್ಪಿದವನಲ್ಲ.

ಕೂಡಲೇ ಗರಿಷ್ಠ ತಂಪು ಶೋಧನಾ ಸಮಿತಿ ರಚನೆಯಾಯಿತು. ಸಮಿತಿಯು ಮೆಟ್ಟಿಲಿನ ಅಡಿ, ಹಳೆಯ ಕಡತಗಳ ಕೋಣೆ, ಕಾವಲುಗಾರನ ನೀರಿನ ಹೂಜಿ ಎಲ್ಲವನ್ನೂ ಪರಿಶೀಲಿಸಿ, ಸಂಸ್ಥೆಯಲ್ಲೇ ಅತ್ಯಂತ ತಂಪಾದ ಸ್ಥಳ ನಿರ್ದೇಶಕರ ಕೊಠಡಿಯೆಂದು ಒಮ್ಮತದಿಂದ ವರದಿ ನೀಡಿತು. ಸೆನ್ಸರನ್ನು ಬಸ್ಸಿನಿಂದ ಬಿಚ್ಚಿ ತಂದು, ಏಸಿಯ ಬಾಯಿಗೆ ಎದುರಾಗಿ ಗೋಡೆಗೆ ಜಡಿಯಲಾಯಿತು. ಜೊತೆಗೊಂದು ಮೀಟರು. ಅದು ಹದಿನೆಂಟು ಡಿಗ್ರಿ ತೋರಿಸಿತು. ಚಪ್ಪಾಳೆಯಾಯಿತು.

"ಸಾರ್, ತಂತಿ ಸಾಲಲ್ಲ," ಎಂದ ಮೇಸ್ತ್ರಿ. "ಬಸ್ಸು ಅಲ್ಲೆಲ್ಲೋ ಇದೆ, ಇದು ಇಲ್ಲಿದೆ."

"ತಂತಿಯ ವಿಷಯವನ್ನು ಎರಡನೇ ಹಂತದಲ್ಲಿ ಪರಿಗಣಿಸೋಣ."

ಮರುದಿನ ಪ್ರಕಟಣೆ ಹೊರಟಿತು: "ಒಂಬತ್ತನೇ ನಂಬರಿನ ಬಸ್ಸಿನ ಗಾಳಿಯು ಇನ್ನು ಮುಂದೆ ಹದಿನೆಂಟು ಡಿಗ್ರಿ ಇರತಕ್ಕದ್ದು. ಬೇರೆ ಅನುಭವವಾದ ಪ್ರಯಾಣಿಕರು ಬಸ್ಸಿನಿಂದಿಳಿದು ನಿರ್ದೇಶಕರ ಕೊಠಡಿಗೆ ಬಂದು ಖಚಿತಪಡಿಸಿಕೊಳ್ಳಬಹುದು. ಒಳಬಂದವರು ಬಾಗಿಲು ಹಾಕಿಕೊಳ್ಳತಕ್ಕದ್ದು."

ಬಸ್ಸು ಮೊದಲ ತಿರುವಿನಲ್ಲೇ ಉಸ್ಸೆಂದು ನಿಂತಿತು. ತಿಂಗಳು ಮುಗಿಯಲು ಎರಡೇ ದಿನ. ಮೇಸ್ತ್ರಿ ಉಗ್ರಾಣಕ್ಕೆ ಓಡಿ ಹೊಸ ಸೆನ್ಸರು ಕೇಳಿದ. ಹಳೆಯದು ಕೆಟ್ಟರೆ ಮಾತ್ರ ಹೊಸದು. ಹಳೆಯದು ಗೋಡೆಯ ಮೇಲೆ ಅಮೋಘವಾಗಿ ಕೆಲಸ ಮಾಡುತ್ತಿದೆ ಎಂದರು ಉಗ್ರಾಣದವರು. ಅವನು ನಿರ್ದೇಶಕರ ಮುಂದೆ ಕೈಮುಗಿದು ನಿಂತ.

"ವಾಪಸ್ ಕೊಡಿ ಸಾರ್."

"ಕೊಟ್ಟರೆ ಡಿಗ್ರಿ ಏರುತ್ತದೆ. ಡಿಗ್ರಿ ಏರಿದರೆ ಸಾಧನೆ ಇಳಿಯುತ್ತದೆ. ನೀವೇ ಕಂಡುಹಿಡಿದದ್ದಕ್ಕೆ ನೀವೇ ಅಡ್ಡಗಾಲು ಹಾಕ್ತೀರಾ?"

"ಹಾಗಾದ್ರೆ ಬಸ್ಸು ತುದಿ ತಲುಪೋದು ಹೇಗೆ?"

ಆಗ ಗುಮಾಸ್ತ ಕೆಮ್ಮಿದ. "ಸೆನ್ಸರಿಗೆ ಮಾಡಿದ್ದನ್ನೇ ತುದಿಗೂ ಮಾಡಬಹುದಲ್ಲ ಸಾರ್?"

ಆ ಮಧ್ಯಾಹ್ನವೇ ಇಬ್ಬರು ಕೂಲಿಯವರು 'ಗುಡ್ಡದ ತುದಿ' ಎಂಬ ನಿಲ್ದಾಣದ ಫಲಕವನ್ನು ಕಿತ್ತು ತಂದು ಗುಡ್ಡದ ಬುಡದಲ್ಲಿ ನೆಟ್ಟರು. ತಿಂಗಳ ಕೊನೆಯ ದಿನ ಬಸ್ಸು ಮೂರೇ ನಿಮಿಷದಲ್ಲಿ ಗುಡ್ಡದ ತುದಿ ತಲುಪಿತು. ಮಾರ್ಗ ಉಳಿಯಿತು. ಮೇಸ್ತ್ರಿಗೆ ಪ್ರಶಂಸಾ ಪತ್ರ ಬಂತು. ತುದಿಯಿಂದ ಊರು ಮೊದಲಿಗಿಂತ ಹತ್ತಿರ ಕಾಣುತ್ತದೆಂದು ಪ್ರಯಾಣಿಕರು ಮೆಚ್ಚಿಕೊಂಡರು.

ಅಕ್ಕ ಕೋಲೂರಿಕೊಂಡು, ಮೂರು ಕಡೆ ಕೂತು ಎದ್ದು, ಕೆಳಗಿಳಿದು ಬಂದಳು. ಫಲಕದ ಸುತ್ತ ಒಂದು ಸುತ್ತು ಹಾಕಿದಳು. ಮೇಸ್ತ್ರಿ ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತ.

"ತುದಿ ಇದಾದ್ರೆ, ಇಷ್ಟು ದಿನ ನಾನಿದ್ದಿದ್ದು ಎಲ್ಲಪ್ಪಾ?"

"ಎರಡೂವರೆ ಕಿಲೋಮೀಟರ್ ಹೊರಗೆ, ಅಮ್ಮಾ," ಎಂದ ಗುಮಾಸ್ತ, ಅಳತೆ ಪಟ್ಟಿ ಸುತ್ತುತ್ತಾ. "ಅನಧಿಕೃತವಾಗಿ."

ಅಕ್ಕ ಫಲಕವನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು. ಆಮೇಲೆ, "ಅದಕ್ಕೇನಾದ್ರೂ ಅರ್ಜಿ ಇದ್ಯಾ?" ಎಂದು ಕೇಳಿದಳು.

ಇತ್ತು. ವಾರದೊಳಗೆ ಅವಳ ಮನೆಯ ನಂಬರು, ಅಂಚೆ ಡಬ್ಬಿ, ಕರೆಗಂಟೆ ಮೂರೂ ಫಲಕದ ಪಕ್ಕದ ಕಂಬಕ್ಕೆ ಬಂದವು. ಗಂಟೆಯ ತಂತಿಯನ್ನು ಗುಡ್ಡದ ಮೇಲಿನ ಮನೆಯವರೆಗೆ ಮೇಸ್ತ್ರಿಯೇ ಎಳೆದ. ಈ ಸಲ ಸಾಲದೆ ಬರಲಿಲ್ಲ. ನೆರೆಯವರೂ ಸಾಲಾಗಿ ಅರ್ಜಿ ಹಾಕಿದರು. ಈಗ ಆ ಕಂಬದಲ್ಲಿ ಅರವತ್ತಮೂರು ಕರೆಗಂಟೆಗಳಿವೆ.

ಪ್ರತಿ ಭಾನುವಾರ ಮೇಸ್ತ್ರಿ ಮೂರು ನಿಮಿಷದಲ್ಲಿ ಅಕ್ಕನ ಮನೆ ತಲುಪಿ, ಗಂಟೆ ಒತ್ತಿ ಕಾಯುತ್ತಾನೆ.

"ಬಾಗಿಲು ತೆಗೆಯೋಕೆ ಒಂದೂವರೆ ಗಂಟೆ ಬೇಕಾ ಅಕ್ಕ?"

"ಏನು ಮಾಡ್ಲೋ," ಎನ್ನುತ್ತಾಳೆ ಅಕ್ಕ ಏದುಸಿರು ಬಿಡುತ್ತಾ, ಕಂಬಕ್ಕೆ ಒರಗಿ. "ಮನೆ ಬಹಳ ದೊಡ್ಡದಾಗೋಯ್ತು."