ಮಾಮಾ ಮತ್ತು ಮಾತಿನ ಮಲ್ಲ ದೆವ್ವ

ಬೈಲಹೊಂಗಲದಲ್ಲಿರುವ ನನ್ನ ಸೋದರಮಾವನಿಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ. ಹಾಗಿದ್ದೂ ಕಳೆದ ವರ್ಷ ಒಂದು ದೆವ್ವದ ಜೊತೆ ತಿಂಗಳುಗಟ್ಟಲೆ ಜಗಳವಾಡಿದರು ಎಂದರೆ ನೀವು ನಂಬುತ್ತೀರಾ?

ಅದು ಕಾದಂಬರಿಯೊಳಗಿನ ದೆವ್ವ. ಯಾವುದೋ ದೇಶದ ಅಂತರ್ಯುದ್ಧದಲ್ಲಿ ಸತ್ತ ದರ್ಜಿಯೊಬ್ಬ ತಾನೇ ಕತೆ ಹೇಳುತ್ತಾನೆ. ಅವನ ಹೆಣ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಮನೆಯವರು ಇನ್ನೂ ದಾರಿ ಕಾಯುತ್ತಿದ್ದಾರೆ. ದರ್ಜಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ: ತನ್ನನ್ನು ಕೊಂದ ಸೈನಿಕ ತೊಟ್ಟಿದ್ದ ಪ್ಯಾಂಟು ತಾನು ಹೊಲಿದುಕೊಟ್ಟದ್ದೇ, ಅದರ ಹೊಲಿಗೆ ಬಿಚ್ಚಿತ್ತಲ್ಲ ಎಂಬ ನಾಚಿಕೆ! ಪುಸ್ತಕ ಕೊಟ್ಟವನು ನಾನೇ, ಆಮೇಲೆ ಅತ್ತೆಯ ಬೈಗುಳ ತಿಂದವನೂ ನಾನೇ.

ಮಾಮಾನಿಗೊಬ್ಬ ತಮ್ಮನಿದ್ದರು. ಎಂದೋ ರಾಮದುರ್ಗಕ್ಕೆಂದು ಹೋದವರು ತಿರುಗಿ ಬರಲೇ ಇಲ್ಲ. ಇದ್ದಾರೋ ಇಲ್ಲವೋ ತಿಳಿಯದು. ಪ್ರತಿ ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಎಡೆ ಇಡುವಾಗ ಅವರಿಗೂ ಒಂದು ಇಡೋಣವೆಂದು ಅತ್ತೆ, "ಅವ ಸತ್ತಿದ್ದು ನೀ ನೋಡಿಯೇನು?" ಎಂದು ಮಾಮಾ. ಹೋಳಿಗೆಗಿಂತ ಮೊದಲು ಈ ಜಗಳವೇ ಬೇಯುತ್ತಿತ್ತು.

ಇಂಥವರ ಕೈಗೆ ಇಂಥ ಪುಸ್ತಕ! ತಮ್ಮ ಕಿರಾಣಿ ಅಂಗಡಿಗೆ ಬಂದು ಯಾರಾದರೂ ಬೆಲ್ಲ ಕೇಳಿದರೆ, "ತಡೀರಿ, ಹೆಣಾ ಇನ್ನೂ ಸಿಕ್ಕಿಲ್ಲ" ಎನ್ನುತ್ತಿದ್ದರು. ಸವದತ್ತಿ ಬಸ್ಸಿನಲ್ಲಿ ಓದುತ್ತ ಬಿದ್ದು ಬಿದ್ದು ನಕ್ಕಾಗ ಪಕ್ಕದವರು, "ಏನೈತ್ರಿ ಅದರಾಗ ನಗೂವಂಥಾದ್ದು?" ಎಂದು ಕೇಳಿದರಂತೆ.

"ಮಂದಿ ಸಾಯಾಕತ್ತಾರ್ರಿ," ಎಂದರು ಮಾಮಾ. ಪಕ್ಕದವರು ಎದ್ದು, ಸವದತ್ತಿ ಬರುವವರೆಗೆ ನಿಂತೇ ಇದ್ದರು.

ಮನೆಯಲ್ಲೂ ಆ ದರ್ಜಿಯೊಂದಿಗೇ ಮಾಮಾನ ಜಗಳ. "ಸತ್ತಮ್ಯಾಲೂ ಹಸಿವಿ ಅಂತಾನ. ಸುಳ್ಳ ಹೇಳತಾನ ಮಗ."

"ನೀವರೆ ಸತ್ತಮ್ಯಾಲೆ ಚಾ ಕೇಳದ ಬಿಡ್ತೀರೇನು?" ಎಂದರು ಅತ್ತೆ. "ಪಾಪ, ಅವಗ್ಯಾಕ ಬೈತೀರಿ?"

ಕೊನೆಗೊಂದು ದಿನ ಆ ಪುಟ ಬಂತು. ಹಬ್ಬದ ದಿನ ದರ್ಜಿ ತನ್ನ ಮನೆಯ ಬಾಗಿಲಲ್ಲಿ ನಿಂತು ಗೊಣಗುತ್ತಾನೆ: ಸತ್ತವರಿಗೆಲ್ಲ ಅನ್ನ ಇಟ್ಟಿದ್ದಾರೆ, ಬದುಕಿದವರೆಲ್ಲ ಉಣ್ಣುತ್ತಿದ್ದಾರೆ, ನನ್ನದು ಮಾತ್ರ ಎರಡೂ ಕಡೆ ಇಲ್ಲ. ಮಾಮಾ ನಗಲಿಲ್ಲ, ಬೈಯಲೂ ಇಲ್ಲ. ಪುಸ್ತಕ ಮುಚ್ಚಿಟ್ಟರು.

ಆ ವರ್ಷದ ಅಮಾವಾಸ್ಯೆಗೆ ಮಾಮಾ ತಾವೇ ಇನ್ನೊಂದು ಬಾಳೆ ಎಲೆ ತಂದರು. ಹಿರಿಯರ ಸಾಲಿನಲ್ಲಿ ಇಡಲಿಲ್ಲ. ನಮ್ಮ ಊಟದ ಪಂಕ್ತಿಯಲ್ಲಿ, ತಾವು ಕೂಡುವ ಜಾಗದ ಪಕ್ಕಕ್ಕೆ ಹಾಕಿದರು.

"ಯಾರಿಗ್ರಿ?" ಎಂದರು ಅತ್ತೆ.

"ತಮ್ಮಗ. ಇದ್ರೂ ಬಂದು ಉಣ್ಲಿ, ಇರದಿದ್ರೂ ಬಂದು ಉಣ್ಲಿ."

ಅತ್ತೆ ಆ ಎಲೆಗೇ ಮೊದಲು ಹೋಳಿಗೆ ಬಡಿಸಿದರು.